ಹಿಂದಿನ ಕಾರು ನಿನ್ನ ಹೊಣೆ

ಸ್ಕಾಟ್ಸ್‌ಡೇಲ್‌ನ ಫುಟ್‌ಬಾಲ್ ಮೈದಾನದ ಬದಿಯಲ್ಲಿ ಸಾಲಾಗಿ ನಿಂತಿದ್ದ ಹಳೆಯ ಕಾರುಗಳನ್ನು ಗ್ಲೆನಿಸ್ ಟ್ರಿಫಿಟ್ ಮೂರನೆಯ ಸಲ ಎಣಿಸಿದಳು. ಹನ್ನೊಂದು. ಮೊದಲೆರಡು ಸಲವೂ ಹನ್ನೊಂದೇ ಇತ್ತು. ಆದರೂ ಅವಳ ತೋರುಬೆರಳು ಗಾಳಿಯಲ್ಲಿ ತಾನಾಗಿಯೇ ಮತ್ತೆ ಒಂದರಿಂದ ಶುರು ಮಾಡಿತು.

"ಇನ್ನೊಂದು ಸಲ ಎಣಿಸು. ಮರಿ ಹಾಕಿದ್ರೂ ಹಾಕಿರಬಹುದು," ಎಂದ ರಾಸ್ ಬೆಸೆಲ್. ಅವನು ಅವಳ ಹಸಿರು ಮಾರಿಸ್ ಕಾರಿಗೆ ಒರಗಿ, ಊರುಗೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಚಹಾ ಕುಡಿಯುತ್ತಿದ್ದ.

ಗ್ಲೆನಿಸ್ ನಗಲಿಲ್ಲ. ಇಪ್ಪತ್ತೆರಡು ವರ್ಷ ಶಾಲೆಯ ಬಸ್ಸು ಓಡಿಸಿದವಳು ಅವಳು. ಹಿಂದಿನ ಸೀಟುಗಳಲ್ಲಿ ನಲವತ್ತು ಮಕ್ಕಳು ಕಿತ್ತಾಡುತ್ತಿದ್ದರೂ ಸ್ಟಿಯರಿಂಗ್ ಹಿಡಿದ ಕೈ ಅಲುಗುತ್ತಿರಲಿಲ್ಲ. ಆದರೆ ಕಳೆದ ಏಪ್ರಿಲ್‌ನಿಂದ ಈಚೆಗೆ ಹಳೆಯ ಕಾರುಗಳ ಕ್ಲಬ್ಬಿನ ಪಯಣ ಎಂದರೆ ಸಾಕು, ಹಿಂದಿನ ದಿನದಿಂದಲೇ ಅವಳಿಗೆ ಊಟ ಸೇರುತ್ತಿರಲಿಲ್ಲ.

ಕಳೆದ ಏಪ್ರಿಲ್‌ನಲ್ಲಿ ರಾಸ್‌ನ ಕಾರು ಅವಳ ಹಿಂದೆಯೇ ಬರುತ್ತಿತ್ತು. ಸೈಡ್ಲಿಂಗ್ ಘಾಟಿಯ ಒಂದು ತಿರುವಿನಲ್ಲಿ ಅಂಚಿನ ಜಲ್ಲಿಗೆ ಚಕ್ರ ಜಾರಿ, ಕಾರು ಜರಿಗಿಡಗಳ ನಡುವೆ ಕೆಳಗುರುಳಿತು. ಮುಂದಿದ್ದ ಗ್ಲೆನಿಸ್ ಹಾಡು ಗುನುಗುತ್ತಾ ಹೋಗುತ್ತಲೇ ಇದ್ದಳು. ಊಟಕ್ಕೆ ನಿಂತಾಗಷ್ಟೇ ಒಂದು ಕಾರು ಕಡಿಮೆ ಇದೆಯೆಂದು ತಿಳಿದದ್ದು. ಮುರಿದ ತೊಡೆಯೊಡನೆ ರಾಸ್ ಒಂದೂ ಮುಕ್ಕಾಲು ಗಂಟೆ ಅಲ್ಲಿ ಒಬ್ಬನೇ ಬಿದ್ದಿದ್ದ. ಇಷ್ಟಾದರೂ ಅವನು ಅವಳನ್ನು ಒಂದು ಮಾತೂ ಅಂದಿರಲಿಲ್ಲ. ಕಾಲು ಕ್ಲಚ್ ತುಳಿಯಲಾಗದ ಹಾಗೆ ಕೂಡಿಕೊಂಡ ಮೇಲೆ, "ಈ ಸಲ ನಿನ್ನ ಕಾರಲ್ಲೇ ಬರ್ತೀನಿ. ಹಿಂದೆ ಇದ್ರೆ ನೀನು ನೋಡಲ್ಲ, ಪಕ್ಕದಲ್ಲೇ ಇರ್ತೀನಿ," ಎಂದು ನಕ್ಕಿದ್ದ. ಆ ನಗು ಅವಳನ್ನು ಬೈಗುಳಕ್ಕಿಂತ ಹೆಚ್ಚು ಚುಚ್ಚಿತ್ತು.

ಆಮೇಲೆ ಕ್ಲಬ್ಬಿನವರು ಹೊಸ ನಿಯಮ ಮಾಡಿದರು; ಪಯಣದ ಉಸ್ತುವಾರಿಯನ್ನು ಗ್ಲೆನಿಸ್ ತಾನೇ ಕೇಳಿ ವಹಿಸಿಕೊಂಡಳು. ಈಗ ಎಲ್ಲರನ್ನೂ ಸುತ್ತ ನಿಲ್ಲಿಸಿ ಆ ನಿಯಮವನ್ನೇ ಹೇಳಿದಳು.

"ಮುಂದಿನ ಕಾರನ್ನ ಹಿಡೀಬೇಕು ಅಂತ ಯಾರೂ ಓಡ್ಬೇಡಿ. ಮುಂದಿನವನು ನಿಮ್ಮ ಹೊಣೆ ಅಲ್ಲ, ಹಿಂದಿನವನು ನಿಮ್ಮ ಹೊಣೆ. ಕನ್ನಡೀಲಿ ಹಿಂದಿನ ಕಾರು ಕಾಣಿಸ್ಲಿಲ್ವಾ, ನಿಧಾನ ಮಾಡಿ. ಆಗ್ಲೂ ಕಾಣಿಸ್ಲಿಲ್ವಾ, ಜಾಗ ನೋಡಿ ಪಕ್ಕಕ್ಕೆ ಹಾಕಿ ನಿಂತ್ಕೊಳ್ಳಿ. ನೀವು ನಿಂತ್ರೆ ನಿಮ್ಮ ಮುಂದಿನವನು ನಿಲ್ತಾನೆ, ಅವನ ಮುಂದಿನವನೂ ನಿಲ್ತಾನೆ. ಮಂಜಿದೆ, ಒದ್ದೆ ರಸ್ತೆ, ಮರ ಸಾಗಿಸೋ ಲಾರಿಗಳು ಓಡಾಡ್ತಿವೆ. ನಡುವೆ ಅಂತರ ಇರ್ಲಿ."

"ಹಿಂದೆ ಯಾರೂ ಇಲ್ಲದೋರು ಏನು ಮಾಡ್ಬೇಕು?" ಎಂದು ಯಾರೋ ಕೇಳಿದರು.

"ಹಿಂದೆ ಯಾರೂ ಇಲ್ಲದೋನು ಮರ್ವ್ ಒಬ್ನೇ. ಅವನಿಗೆ ಹೇಳಿಕೊಡೋರು ಯಾರಿದಾರೆ?" ಎಂದಳು ಗ್ಲೆನಿಸ್. ಎಲ್ಲರೂ ನಕ್ಕರು.

ಮರ್ವ್ ಕಾರ್ನಿಶ್‌ಗೆ ಎಪ್ಪತ್ತೊಂಬತ್ತು. ಮರದ ಮಿಲ್ಲಿನಲ್ಲಿ ಗರಗಸ ಹದಮಾಡಿ ಬದುಕು ಕಳೆದವನು. ಇಪ್ಪತ್ತಾರು ವರ್ಷದಿಂದ ಕ್ಲಬ್ಬಿನ ಕೊನೆಯ ಕಾರು ಅವನದೇ. ಕೆಟ್ಟು ನಿಂತವರನ್ನು ಎಬ್ಬಿಸಿಕೊಂಡು, ದಾರಿ ತಪ್ಪಿದವರನ್ನು ಹುಡುಕಿಕೊಂಡು ಎಲ್ಲರಿಗಿಂತ ಕೊನೆಗೆ ಬಂದು ಸೇರುವವನು. ಕಳೆದ ವರ್ಷ ಅವನಿಗೆ ಜ್ವರ ಬಂದು ಮನೆಯಲ್ಲಿದ್ದ. ಇದ್ದಿದ್ದರೆ ರಾಸ್ ಹಾಗೆ ಬಿದ್ದಿರುತ್ತಿರಲಿಲ್ಲ ಎಂದು ಈಗಲೂ ಹೇಳುವವರಿದ್ದರು.

ಹೊರಡುವ ಮುಂಚೆ ಗ್ಲೆನಿಸ್ ಅವನ ಕೆನೆಬಣ್ಣದ ಹೋಲ್ಡನ್ ಕಾರಿನ ಹತ್ತಿರ ಹೋಗಿ, ಕಾರಿನಿಂದ ಕಾರಿಗೆ ಮಾತಾಡುವ ಕೈ ರೇಡಿಯೊ ಕೊಟ್ಟಳು. ಪಕ್ಕದಲ್ಲಿ ಅವನ ಹೆಂಡತಿ ಎಡ್ನಾ ನಕ್ಷೆಯನ್ನು ಮಡಿಲಲ್ಲಿ ಹರಡಿಕೊಂಡು ಕೂತಿದ್ದಳು.

"ಕಾಲಿನ್ ಹೇಗಿದಾನಮ್ಮ? ಕಾಣಿಸ್ಲೇ ಇಲ್ಲ," ಎಂದ ಮರ್ವ್.

ಕಾಲಿನ್ ಗ್ಲೆನಿಸ್‌ಳ ಗಂಡ. ತೀರಿಹೋಗಿ ಆರು ವರ್ಷ. ಹೆಣದ ಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಮರ್ವ್ ಕೂಡ ಇದ್ದ.

"ಕ್ಯಾಲಮ್ ಅಂತಿದಾರೆ ಕಣೆ, ನಿನ್ನ ಮಗ," ಎಂದು ಎಡ್ನಾ ತಟ್ಟನೆ ಹೇಳಿದಳು. "ಹಲ್ಲಿನ ಸೆಟ್ಟು ಹೊಸದು, ಮಾತು ತೊದಲುತ್ತೆ."

"ಓ, ಕ್ಯಾಲಮ್. ಚೆನ್ನಾಗಿದಾನೆ, ಹೋಬಾರ್ಟ್‌ನಲ್ಲಿದಾನೆ," ಎಂದಳು ಗ್ಲೆನಿಸ್. ಎಡ್ನಾ ನಕ್ಷೆಯಿಂದ ತಲೆ ಎತ್ತಲಿಲ್ಲ. ಗ್ಲೆನಿಸ್ ಒಂದು ಗಳಿಗೆ ಕಿಟಕಿಯ ಬಳಿಯೇ ನಿಂತಳು. ಇನ್ನೇನೋ ಕೇಳಬೇಕೆನಿಸಿತು. ಇಪ್ಪತ್ತಾರು ವರ್ಷದ ಕೊನೆಯ ಕಾರನ್ನು ಹಲ್ಲಿನ ಸೆಟ್ಟಿನ ತೊದಲಿಗಾಗಿ ಕಿತ್ತುಕೊಳ್ಳುವುದೇ? ಎಲ್ಲರೂ ಎಂಜಿನ್ ಶುರು ಮಾಡಿಯಾಗಿತ್ತು. ಅವಳು ತನ್ನ ಕಾರಿಗೆ ಹಿಂದಿರುಗಿದಳು.

ಉಸ್ತುವಾರಿ ಹೊತ್ತವರು ಮುಂದಿರುವುದು ರೂಢಿ. ಗ್ಲೆನಿಸ್ ಮಾತ್ರ ಹತ್ತನೆಯವಳಾಗಿ, ಮರ್ವ್‌ನ ಮುಂದೆ ನಿಂತಳು. ಅವಳ ಮುಂದಿನ ಕಾರು ಕಿಮ್ ರಾನ್ಸನ್‌ನದು. ಜೊತೆಗೆ ಅವನ ಹೆಂಡತಿ ಟ್ರೂಡಿ.

ಡರ್ಬಿ ಊರಿನವರೆಗೆ ಏನೂ ಆಗಲಿಲ್ಲ. ಅಲ್ಲಿ ಬನ್ನಿನಂಥ ಸ್ಕೋನ್ ತಿಂದು, ಚಹಾ ಕುಡಿದು, ಗ್ಲೆನಿಸ್ ಮತ್ತೊಮ್ಮೆ ಎಣಿಸಿ ಮುಂದೆ ಹೊರಟರು. ವೆಲ್ಡ್‌ಬರೋ ದಾಟುತ್ತಿದ್ದಂತೆ ಕಾಡು ರಸ್ತೆಯ ಎರಡೂ ಬದಿಗೆ ಒತ್ತಿಕೊಂಡು ಬಂತು. ಮರ್ಟಲ್ ಮರಗಳ ಕೆಳಗೆ ಹಗಲೇ ಮಬ್ಬುಗತ್ತಲು. ಮಂಜು ತುಂಡುತುಂಡಾಗಿ ರಸ್ತೆಯ ಮೇಲೆ ಕೂತಿತ್ತು.

ಗ್ಲೆನಿಸ್ ರಸ್ತೆ ನೋಡುವುದು ಒಂದು ಪಾಲು, ಕನ್ನಡಿ ನೋಡುವುದು ಇನ್ನೊಂದು ಪಾಲು ಎಂಬಂತೆ ಓಡಿಸುತ್ತಿದ್ದಳು. ಮರ್ವ್ ಎಂದಿನ ಹಾಗೆ ಬರುತ್ತಿರಲಿಲ್ಲ. ಒಮ್ಮೆ ಅವನ ದೀಪಗಳು ಕನ್ನಡಿ ತುಂಬುವಷ್ಟು ಹತ್ತಿರ ಬರುತ್ತಿದ್ದವು. ಇನ್ನೊಮ್ಮೆ ಹಿಂದೆ ಬಿದ್ದು ಎರಡು ಕಡಲೆಕಾಳಿನಷ್ಟಾಗುತ್ತಿದ್ದವು.

"ಇವತ್ತೇನಾಗಿದೆ ಇವನಿಗೆ?" ಎಂದಳು.

"ಎಡ್ನಾ ಸ್ಯಾಂಡ್‌ವಿಚ್ ಬಿಚ್ಚಿರ್ತಾಳೆ," ಎಂದ ರಾಸ್. "ನೀನು ಮುಂದೆ ನೋಡು ತಾಯಿ. ನನಗೆ ಉಳಿದಿರೋದು ಒಂದೇ ಕಾಲು."

ಘಾಟಿಯ ನೆತ್ತಿ ದಾಟಿ ಇಳಿಜಾರು ಶುರುವಾಯಿತು. ಒಂದು ಎಡತಿರುವು, ಒಂದು ಬಲತಿರುವು, ಮತ್ತೆ ಎಡ. ಕನ್ನಡಿಯಲ್ಲಿ ದೀಪ ಬಂತು, ಹೋಯಿತು, ಬಂತು. ಮುಂದಿನ ತಿರುವಿನ ನಂತರ ಬರಲಿಲ್ಲ.

ಗ್ಲೆನಿಸ್ ವೇಗ ತಗ್ಗಿಸಿದಳು. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿದಳು. ಕನ್ನಡಿಯಲ್ಲಿ ಒದ್ದೆ ರಸ್ತೆ ಮತ್ತು ಮಂಜು. ಇಪ್ಪತ್ತರವರೆಗೆ ಎಣಿಸಿದಳು. ಇನ್ನೊಂದು ತಿರುವು ದಾಟಿದ ಮೇಲೆ ಎಡಕ್ಕೆ ಜಲ್ಲಿ ಸುರಿದ ಅಗಲ ಜಾಗ ಸಿಕ್ಕಿತು. ಕಾರನ್ನು ಪೂರ್ತಿ ರಸ್ತೆಯಿಂದ ಕೆಳಗಿಳಿಸಿ ನಿಲ್ಲಿಸಿದಳು.

"ಉಚ್ಚೆ ಹೊಯ್ಯಕ್ಕೆ ನಿಂತಿರ್ತಾನೆ. ಎಪ್ಪತ್ತೊಂಬತ್ತು ವರ್ಷ ಕಣೇ, ಬೇಗ ಮುಗಿಯಲ್ಲ," ಎಂದ ರಾಸ್. ಆದರೆ ಮಾತಾಡುತ್ತಲೇ ರೇಡಿಯೊ ಕೈಗೆತ್ತಿಕೊಂಡಿದ್ದ. "ಮರ್ವ್, ಎಲ್ಲಿದೀಯಪ್ಪಾ? ಮರ್ವ್?"

ಏನೂ ಇಲ್ಲ. ಮತ್ತೆ ಕರೆದ. ಆಗ ಯಾರೋ ಗುಂಡಿ ಒತ್ತಿದ ಸದ್ದಾಯಿತು. ಎಂಜಿನ್ನಿನ ಗುರುಗುಟ್ಟು, ಅದರ ಹಿಂದೆ ಎಡ್ನಾಳ ದನಿ, ಅವರನ್ನು ಉದ್ದೇಶಿಸಿದ್ದಲ್ಲ: "ಮರ್ವ್, ದಮ್ಮಯ್ಯ ಅಂತೀನಿ, ಇಲ್ಲಿ ನಿಲ್ಲಿಸ್ಬೇಡ..." ಅಷ್ಟಕ್ಕೇ ಕಡಿಯಿತು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ನಿಲ್ಲಿಸಿದ್ದಾನೆ, ಎಲ್ಲಿ? ಆ ತಿರುವುಗಳ ನಡುವೆ ಕಾರು ನಿಲ್ಲಿಸುವ ಜಾಗವೇ ಇರಲಿಲ್ಲ.

ಗ್ಲೆನಿಸ್ ಹಿಂದಿನ ಸೀಟಿನಿಂದ ಹಳದಿ ಜಾಕೆಟ್ಟು, ಕೆಂಪು ಬಾವುಟ ಎಳೆದುಕೊಂಡಳು. "ಕಾರಿನ ರೇಡಿಯೊನ ನಲವತ್ತನೇ ಚಾನಲ್ಲಿಗೆ ಹಾಕು. ಮರದ ಲಾರಿಯವರು ಅಲ್ಲೇ ಮಾತಾಡೋದು. ಮೇಲಿಂದ ಯಾರಾದ್ರೂ ಇಳೀತಿದ್ರೆ ನಿಲ್ಲಿಸು. ಕೈಯದ್ದನ್ನೂ ಅದಕ್ಕೇ ಹಾಕಿ ನಾನು ತಗೊಂಡೋಗ್ತೀನಿ."

"ಕಾರು ತಿರುಗಿಸ್ಕೊಂಡು ಹೋಗೇ."

"ಈ ಮಂಜಲ್ಲಿ ತಿರುಗಿಸಿ ನಾನೂ ಅಡ್ಡ ನಿಲ್ಲಲಾ?"

ಐವತ್ತೇಳರ ವಯಸ್ಸಿನಲ್ಲಿ ಅವಳು ಏರುರಸ್ತೆಯಲ್ಲಿ ಓಡಿದಳು. ಬಲಗಡೆಯ ದಿಬ್ಬಕ್ಕೆ ಮೈ ಒತ್ತಿಕೊಂಡು, ಬಾವುಟ ಬೀಸುತ್ತಾ. ಮೊದಲ ತಿರುವಿನಲ್ಲಿ ಕಾರಿಲ್ಲ. ಜರಿಗಿಡಗಳು ಎಲ್ಲಾದರೂ ಮುರಿದಿವೆಯೇ ಎಂದು ಅಂಚನ್ನು ನೋಡುತ್ತಾ ಓಡಿದಳು. ಮೊಣಕಾಲು ಉರಿಯುತ್ತಿತ್ತು. ಜಾಕೆಟ್ಟಿಗೆ ಸಿಕ್ಕಿಸಿದ ರೇಡಿಯೊದಲ್ಲಿ ರಾಸ್‌ನ ದನಿ ಕೇಳಿತು.

"ವೆಲ್ಡ್‌ಬರೋ ಘಾಟಿ ಇಳೀತಿರೋ ಲಾರಿಯೋರು ಯಾರಾದ್ರೂ ಇದ್ರೆ ಕೇಳಿಸ್ಕೊಳ್ಳಿ. ತಿರುವಲ್ಲಿ ಒಂದು ಕಾರು ನಿಂತಿದೆ. ಯಾರಾದ್ರೂ ಇದೀರಾ?"

ಒಂದು ಕ್ಷಣ ಗೊರಗೊರ. ಆಮೇಲೆ ಅಪರಿಚಿತ ಗಂಡಸಿನ ದನಿ. "ಇದೀನಿ ಗುರು. ತುಂಬಿದ ಗಾಡಿ. ನೆತ್ತಿ ದಾಟಿ ಆಗ್ಲೇ ಇಳೀತಿದೀನಿ. ಯಾವ ತಿರುವು?"

"ಗೊತ್ತಿಲ್ಲ. ಹುಡುಕ್ತಿದಾರೆ."

"ಗೊತ್ತಿಲ್ಲ ಅಂದ್ರೆ ಹೇಗಪ್ಪಾ! ಗೇರು ಇಳಿಸ್ತೀನಿ. ಆದ್ರೆ ರಸ್ತೆ ಸೋಪಿನಂಗಿದೆ, ನಿಲ್ಲುತ್ತೆ ಅಂತ ಮಾತು ಕೊಡಲ್ಲ."

ಎರಡನೆಯ ತಿರುವಿನಲ್ಲಿ ಅವಳಿಗೆ ಕಾರು ಕಂಡಿತು. ಕೆನೆಬಣ್ಣದ ಹೋಲ್ಡನ್ ತಿರುವಿನ ನಟ್ಟನಡುವೆ, ಮಧ್ಯದ ಬಿಳಿಗೆರೆಯ ಮೇಲೆ ನಿಂತಿತ್ತು. ಎಂಜಿನ್ ಓಡುತ್ತಿತ್ತು. ಮೇಲಿನಿಂದ ಬರುವವರಿಗೆ ಹತ್ತು ಮಾರು ಹತ್ತಿರ ಬರುವ ತನಕ ಅದು ಕಾಣುವ ಹಾಗಿರಲಿಲ್ಲ.

"ನೆತ್ತಿಯಿಂದ ನಾಲ್ಕನೇ ತಿರುವು," ಎಂದು ಅವಳು ರೇಡಿಯೊಗೆ ಏದುಸಿರಲ್ಲಿ ಹೇಳಿದಳು. "ಬಲತಿರುವು. ರಸ್ತೆ ಮಧ್ಯದಲ್ಲಿದೆ. ಇಬ್ಬರು ಒಳಗಿದಾರೆ."

"ಮೂರನೇದರ ಹತ್ರ ಇದೀನಿ ನಾನು," ಎಂದಿತು ಆ ದನಿ. ಅದರಲ್ಲಿ ಈಗ ಗದರಿಕೆ ಇರಲಿಲ್ಲ. "ಬೇಗ ತೆಗೆಸಮ್ಮಾ."

ಮರ್ವ್ ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದು, ಬ್ರೇಕ್ ಮೇಲೆ ಕಾಲೂರಿ, ಕನ್ನಡಿಯನ್ನೇ ನೋಡುತ್ತಿದ್ದ. ಎಡ್ನಾ ಅವನ ತೋಳು ಹಿಡಿದಿದ್ದಳು. ಅವಳ ಮುಖ ಸುಣ್ಣದಂತಾಗಿತ್ತು.

"ಎಡ್ನಾ, ನೀನಿಳಿ. ದಿಬ್ಬ ಹತ್ತು."

"ಇವರನ್ನ ಬಿಟ್ಟು ನಾನಿಳಿಯಲ್ಲ."

"ಮರ್ವ್, ಕಾರು ತೆಗಿ. ಲಾರಿ ಬರ್ತಿದೆ."

ಮರ್ವ್ ಅವಳತ್ತ ತಿರುಗಿದ. ಶಾಂತವಾದ, ಸ್ವಲ್ಪ ಬೇಸರದ ಮುಖ. "ಯಾರಮ್ಮ ನೀನು? ನಾನು ಹೇಗೆ ಹೋಗಲಿ? ಹಿಂದಿನೋರು ಯಾರೂ ಬಂದಿಲ್ಲ. ಇಷ್ಟೊತ್ತಿಂದ ನೋಡ್ತಿದೀನಿ, ಒಬ್ರೂ ಕಾಣಿಸ್ತಿಲ್ಲ. ಬಿಟ್ಟು ಹೋಗು ಅಂತೀಯಾ?"

ಮೇಲಿನಿಂದ ಎಂಜಿನ್ ಬ್ರೇಕಿನ ಸದ್ದು ಕೇಳಿತು. ತಗಡಿನ ಮೇಲೆ ಕಲ್ಲು ಸುರಿದಂತೆ. ಗ್ಲೆನಿಸ್‌ಗೆ ಕೂಗಬೇಕೆನಿಸಿತು. ಬಾಗಿಲು ತೆಗೆದು ಅವನನ್ನು ಎಳೆದು ಬಿಸಾಡಬೇಕೆನಿಸಿತು. ಎಳೆದರೆ ಬ್ರೇಕ್ ಮೇಲಿನ ಕಾಲು ಜಾರಿ, ಕಾರು ಇಳಿಜಾರಿನಲ್ಲಿ ಎಡ್ನಾಳನ್ನೂ ಕರೆದುಕೊಂಡು ಹೋಗುತ್ತದೆ. ಶಾಲೆಯ ಬಸ್ಸಿನಲ್ಲಿ ಹೆದರಿ ಕೂತ ಮಕ್ಕಳನ್ನು ಮಾತಾಡಿಸುತ್ತಿದ್ದ ದನಿಯೊಂದು ಅವಳಲ್ಲಿ ಎಲ್ಲೋ ಉಳಿದಿತ್ತು. ಅದನ್ನು ಹುಡುಕಿ ತೆಗೆದಳು.

"ನಾನು ಗ್ಲೆನಿಸ್. ಕಾಲಿನ್ ಹೆಂಡತಿ."

"ಓ, ಕಾಲಿನ್! ಎಲ್ಲಿ ಅವನು?"

"ಮುಂದಿದಾನೆ, ನಿನಗೋಸ್ಕರ ಕಾಯ್ತಿದಾನೆ," ಎಂದಳು. "ಹಿಂದೆ ಯಾರೂ ಉಳಿದಿಲ್ಲ ಮರ್ವ್. ಎಲ್ಲರೂ ದಾಟಿದ್ರು. ನಾನೇ ಕೊನೆ."

"ಎಣಿಸಿದೀಯಾ?"

"ಎಣಿಸಿದೀನಿ. ಹನ್ನೊಂದು."

ಅವನು ಯೋಚಿಸಿದ.

"ಹಾಗಿದ್ರೆ ಸರಿ," ಎಂದ ಮರ್ವ್. ಕ್ಲಚ್ ಒತ್ತಿ, ಮೊದಲ ಗೇರಿಗೆ ಹಾಕಿ, ಒಂದಿಷ್ಟೂ ಕುಲುಕದೆ ಕಾರನ್ನು ಎಡಕ್ಕೆ ತಂದ. ಕೈಗೆ ಎಲ್ಲವೂ ನೆನಪಿತ್ತು. "ಆ ಬಿಳಿ ಗೂಟ ದಾಟಿ ಹೋಗ್ತಾ ಇರು, ನನ್ನ ಹಸಿರು ಕಾರಿನ ಹಿಂದೆ ನಿಲ್ಸು!" ಎಂದು ಗ್ಲೆನಿಸ್ ಕೂಗಿದಳು. ಹೋಲ್ಡನ್ ತಿರುವು ದಾಟಿ ಮಂಜಿನೊಳಗೆ ಮರೆಯಾಯಿತು.

ಅವಳು ದಿಬ್ಬಕ್ಕೆ ಹಾರಿ ಜರಿಗಿಡದ ಬುಡ ಹಿಡಿದುಕೊಳ್ಳುವುದಕ್ಕೂ ಲಾರಿಯ ಮೂತಿ ಕಾಣಿಸುವುದಕ್ಕೂ ಸರಿಹೋಯಿತು. ನಡಿಗೆಗಿಂತ ಸ್ವಲ್ಪವೇ ಜೋರಾಗಿ ಬರುತ್ತಿತ್ತು. ಚಕ್ರಗಳು ಉರುಳುತ್ತಿದ್ದವೋ ಜಾರುತ್ತಿದ್ದವೋ ಹೇಳುವ ಹಾಗಿರಲಿಲ್ಲ. ಕಾರು ನಿಂತಿದ್ದ ಜಾಗವನ್ನು ಅದು ನಿಲ್ಲದೆ ದಾಟಿತು. ದಾಟಿ ಇನ್ನೂ ಮೂವತ್ತು ಮಾರು ಹೋದ ಮೇಲೆ ಹಿಡಿತಕ್ಕೆ ಬಂತು. ಕೆಸರುನೀರು, ತೊಗಟೆಯ ಚೂರುಗಳು ಅವಳ ಮುಖಕ್ಕೆ ರಾಚಿದವು.

"ದಾಟಿದೆ," ಎಂದಿತು ರೇಡಿಯೊದಲ್ಲಿ ಲಾರಿಯವನ ದನಿ. "ಎಲ್ಲರೂ ಇದೀರಾ?"

"ಕಾರು ಇಲ್ಲಿಗೆ ಬಂತು," ಎಂದ ರಾಸ್. "ಇಬ್ಬರೂ ಇದಾರೆ. ಗ್ಲೆನಿಸ್? ಗ್ಲೆನಿಸ್, ನೀನೆಲ್ಲಿದೀಯ?"

ಗುಂಡಿ ಒತ್ತಲು ಅವಳ ಹೆಬ್ಬೆರಳು ಕೇಳಲಿಲ್ಲ.

"ಗ್ಲೆನಿಸ್, ಮಾತಾಡೇ! ಏನಾದ್ರೂ ಹೇಳೇ!"

ಅವಳು ಕೂತಲ್ಲೇ ಕೂತು ಅಳುತ್ತಿದ್ದಳು. ಕೊನೆಗೆ ಎರಡು ಕೈಯಿಂದ ಒತ್ತಿ, "ಇದೀನಿ," ಎಂದಳು.

ಅವಳು ಇಳಿದು ಬರುವಷ್ಟರಲ್ಲಿ ಮರ್ವ್ ಕಾರಿನಿಂದ ಕೆಳಗಿಳಿದು ನಿಂತಿದ್ದ. ಮುಖದ ಮೇಲಿದ್ದ ಆ ಶಾಂತಿ ಹೋಗಿತ್ತು. ಹಳೆಯ ಮರ್ವ್ ಹಿಂದಿರುಗಿದ್ದ. "ಏನೇ ಇದು ಗ್ಲೆನಿಸ್, ಬಾವುಟ ಹಿಡ್ಕೊಂಡು ರಸ್ತೇಲಿ ಓಡಾಡ್ತಿದೀಯಂತೆ! ಬುದ್ಧಿ ಇದೆಯಾ? ಲಾರಿ ಓಡಾಡೋ ಜಾಗ!"

ಎಡ್ನಾ ಕಾರಿನ ಇನ್ನೊಂದು ಬದಿಗೆ ಗ್ಲೆನಿಸ್‌ಳನ್ನು ಎಳೆದುಕೊಂಡು ಹೋದಳು. "ಎಂಟು ತಿಂಗಳಾಯ್ತು," ಎಂದಳು. "ಬರುತ್ತೆ, ಹೋಗುತ್ತೆ. ದಾರಿ ನಾನು ಹೇಳ್ತಾ ಹೋಗ್ತೀನಿ. ಎಡಕ್ಕೆ ಮರ್ವ್, ಬಲಕ್ಕೆ ಮರ್ವ್ ಅಂತ. ನಡೀತಿತ್ತು ಕಣೆ. ಇದೊಂದು ಪಯಣ ಮುಗಿಸಿಬಿಡ್ಲಿ, ಆಮೇಲೆ ಡಾಕ್ಟರಿಗೆ ಹೇಳೋಣ ಅಂದ್ಕೊಂಡೆ."

"ಬೆಳಿಗ್ಗೆ ನಾನು ಕೇಳಿಸ್ಕೊಂಡೆ ಎಡ್ನಾ. ಕಾಲಿನ್ ಅಂತಾನೇ ಅಂದಿದ್ರು. ಕೇಳಿಸ್ಕೊಂಡೂ ಸುಮ್ಮನಿದ್ದೆ."

ಅವಳು ಮರ್ವ್ ಎದುರಿಗೆ ಹೋಗಿ ಕೈ ಚಾಚಿದಳು. "ಮರ್ವ್, ಬೀಗದ ಕೈ ಕೊಡು. ಇಲ್ಲಿಂದ ನಾನು ಓಡಿಸ್ತೀನಿ."

"ಏನಂದೆ?"

"ನೀನು ತಿರುವಿನ ಮಧ್ಯದಲ್ಲಿ ನಿಲ್ಲಿಸಿದ್ದೆ. ನಿನಗದು ನೆನಪಿಲ್ಲ."

"ನಾನು?" ಅವನು ನಕ್ಕ. ಆಮೇಲೆ ನಗು ನಿಲ್ಲಿಸಿದ. "ನೀನು ಹುಟ್ಟೋಕ್ಮುಂಚೆ ಈ ಘಾಟೀಲಿ ನಾನು ಓಡಿಸಿದೀನಿ. ನಿನ್ನ ಹಿಂದಿದ್ದೋನು ಹಳ್ಳಕ್ಕೆ ಬಿದ್ರೂ ನಿನಗೆ ಗೊತ್ತಾಗ್ಲಿಲ್ಲ. ನೀನು ನನ್ನ ಕೈಯಿಂದ ಬೀಗದ ಕೈ ಕೇಳ್ತೀಯಾ?"

ಕಾರಿನ ಕಿಟಕಿಯಲ್ಲಿ ರಾಸ್ ತಲೆ ತಗ್ಗಿಸಿದ. ಗ್ಲೆನಿಸ್ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಎಡ್ನಾ ಕಿಟಕಿಯಿಂದ ಒಳಗೆ ಬಗ್ಗಿ, ಎಂಜಿನ್ ಆರಿಸಿ, ಬೀಗದ ಕೈ ಕಿತ್ತು ತಂದು ಗ್ಲೆನಿಸ್‌ಳ ಅಂಗೈಯಲ್ಲಿಟ್ಟಳು. ಐವತ್ತಮೂರು ವರ್ಷದ ಸಂಸಾರದಲ್ಲಿ ಅವಳು ಆ ಬೀಗದ ಕೈ ಮುಟ್ಟಿದ್ದು ಅದೇ ಮೊದಲಿರಬೇಕು. ಮರ್ವ್ ಹೆಂಡತಿಯ ಮುಖವನ್ನು ನೋಡಿದ, ತುಂಬ ಹೊತ್ತು. ಆಮೇಲೆ ತಾನಾಗಿಯೇ ಹೋಗಿ ಎಡಗಡೆಯ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡ.

ಅಷ್ಟರಲ್ಲಿ ಕಿಮ್ ಮತ್ತು ಟ್ರೂಡಿ ಕೆಳಗಿನಿಂದ ನಡೆದು ಬಂದರು. ಕನ್ನಡಿಯಲ್ಲಿ ಗ್ಲೆನಿಸ್ ಕಾಣದೆ ಅವರೂ ನಿಂತಿದ್ದರು. ಹಸಿರು ಮಾರಿಸ್ ಓಡಿಸಲು ಟ್ರೂಡಿ ರಾಸ್‌ನ ಪಕ್ಕ ಹತ್ತಿದಳು. ಗ್ಲೆನಿಸ್ ಹೋಲ್ಡನ್ ಏರಿ, ಎಡ್ನಾಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಎಲ್ಲರ ಹಿಂದೆ ಹೊರಟಳು. ಇಳಿಜಾರಿನುದ್ದಕ್ಕೂ ಅವರಿಗೆ ನಿಂತ ಕಾರುಗಳು ಸಿಕ್ಕುತ್ತ ಹೋದವು. ಒಂದು ಸೇತುವೆಯ ಬಳಿ, ಒಂದು ಹಾಲಿನ ಡಬ್ಬ ಇಡುವ ಕಟ್ಟೆಯ ಬಳಿ, ಒಂದು ತೋಟದ ಗೇಟಿನ ಮುಂದೆ. ಒಂದೊಂದೂ ಒಂಟಿಯಾಗಿ, ಬದಿಯ ದೀಪ ಮಿಣುಕಿಸುತ್ತಾ, ಏನಾಯಿತೆಂದು ತಿಳಿಯದೆ ಕಾಯುತ್ತಿತ್ತು. ಇವರು ಕಂಡೊಡನೆ ಎದ್ದು ಸಾಲಿಗೆ ಸೇರಿಕೊಳ್ಳುತ್ತಿತ್ತು. ಪಕ್ಕದಲ್ಲಿ ಮರ್ವ್ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದ.

ಪಿಂಗಾನಾದಲ್ಲಿ ಊಟಕ್ಕೆ ಕೂತಾಗ ಗ್ಲೆನಿಸ್ ಎದ್ದು ನಿಂತು ನಡೆದದ್ದನ್ನೆಲ್ಲ ಹೇಳಿದಳು. ಬೆಳಿಗ್ಗೆ ತಾನು ಕೇಳಿಸಿಕೊಂಡು ಸುಮ್ಮನಿದ್ದುದನ್ನೂ ಹೇಳಿದಳು. ಕೆಲವರು ತಟ್ಟೆ ನೋಡಿದರು, ಕೆಲವರು ಮರ್ವ್‌ನ ಖಾಲಿ ಕುರ್ಚಿ ನೋಡಿದರು; ಅವನು ಕಾರಿನಿಂದ ಇಳಿದಿರಲಿಲ್ಲ. ಒಬ್ಬ ಹಳೆಯ ಸದಸ್ಯ, "ಇದನ್ನ ಎಲ್ಲರ ಮುಂದೆ ಹೇಳ್ಬೇಕಾಗಿತ್ತಾ?" ಎಂದು ಗೊಣಗಿ ಎದ್ದುಹೋದ.

ರಾಸ್ ಊರುಗೋಲು ಊರುತ್ತಾ ಅವಳ ಹಿಂದೆ ಹೊರಗೆ ಬಂದ. ಬೇಲಿಯ ಬಳಿ ಇಬ್ಬರೂ ಹಸುಗಳನ್ನು ನೋಡುತ್ತಾ ನಿಂತರು.

"ಅಲ್ಲಿ ಬಿದ್ದಿದ್ದಾಗ ನಿನ್ನನ್ನ ಬೈದೆ," ಎಂದ ರಾಸ್. "ಒಂದೂ ಮುಕ್ಕಾಲು ಗಂಟೆ ಬೈದೆ. ನಿನ್ನ ತಾಯಿನೂ ಬಿಡ್ಲಿಲ್ಲ."

"ಯಾಕೆ ಹೇಳ್ಲಿಲ್ಲ ಇಷ್ಟು ದಿನ?"

"ಹೇಳಿದ್ರೆ ನೀನು ಅಳ್ತೀಯ ಅಂತ."

"ಹೇಳದೆ ಇದ್ದಿದ್ದಕ್ಕೇ ವರ್ಷವೆಲ್ಲಾ ಅತ್ತೆ ಕಣೋ, ಗೂಬೆ," ಎಂದಳು ಗ್ಲೆನಿಸ್. ಒಳಗೆ ಹೋಗಿ ಆ ದಿನ ಮೊದಲ ಬಾರಿಗೆ ಹೊಟ್ಟೆ ತುಂಬ ಊಟ ಮಾಡಿದಳು.

ಮರುವಾರ ಎಡ್ನಾ ಗಂಡನನ್ನು ಡಾಕ್ಟರ ಬಳಿ ಕರೆದೊಯ್ದಳು, ಲೈಸೆನ್ಸ್ ಹೋಯಿತು. ಹೋಲ್ಡನ್ ಷೆಡ್ಡಿನಲ್ಲೇ ಉಳಿಯಿತು. ಮರ್ವ್ ಪ್ರತಿ ಶನಿವಾರ ಅದನ್ನು ಒರೆಸುತ್ತಾನೆಂದು ಎಡ್ನಾ ಫೋನಿನಲ್ಲಿ ಹೇಳಿದಳು. ಚಳಿಗಾಲದಲ್ಲಿ ಒಂದು ದಿನ ಗ್ಲೆನಿಸ್ ಧೈರ್ಯ ಮಾಡಿ, ಸೇಬಿನ ಕಡುಬು ಹಿಡಿದುಕೊಂಡು ಅವರ ಮನೆಗೆ ಹೋದಳು. ಬಾಗಿಲು ತೆಗೆದವನು ಮರ್ವ್. ಸ್ವೆಟರನ್ನು ಒಳಹೊರಗು ಮಾಡಿ ತೊಟ್ಟಿದ್ದ.

"ನೀನಾ?" ಎಂದ. "ನನ್ನ ಕಾರು ಕಿತ್ಕೊಂಡೋಳು."

"ಹೌದು ಮರ್ವ್, ನಾನೇ."

ಅವನು ಬಾಗಿಲು ಬಿಟ್ಟು ಒಳಗೆ ಹೊರಟುಹೋದ. ಎಡ್ನಾ ಬಂದು, ತಗ್ಗಿದ ದನಿಯಲ್ಲಿ, "ಮೊನ್ನೆ ತಂಗಿ ಬಂದಿದ್ಲು, ಗುರುತು ಹಿಡೀಲಿಲ್ಲ. ನಿನ್ನೊಬ್ಬಳನ್ನ ಮಾತ್ರ ಮರೆಯಲ್ಲ ನೋಡು. ಬೇಜಾರು ಮಾಡ್ಕೋಬೇಡ," ಎಂದಳು.

"ಬೈಯ್ಲಿ ಬಿಡು," ಎಂದಳು ಗ್ಲೆನಿಸ್. ಕಡುಬನ್ನು ಅಡುಗೆಮನೆಯ ಮೇಜಿನ ಮೇಲಿಟ್ಟು, ಚಹಾಕ್ಕೆ ನೀರಿಟ್ಟಳು. ಒಳಕೋಣೆಯಿಂದ ಮರ್ವ್ ದೊಡ್ಡ ದನಿಯಲ್ಲಿ ಇನ್ನೂ ಬೈಯುತ್ತಲೇ ಇದ್ದ. ಅವಳು ಮೂರು ಕಪ್ಪುಗಳನ್ನು ತೆಗೆದಿಟ್ಟು, ಅವನಿಗೆ ಸಕ್ಕರೆ ಎಷ್ಟು ಎಂದು ಎಡ್ನಾಳನ್ನು ಕೇಳಿದಳು.